ಕೀಲು ಗಾಯಗಳ ಸೂಜಿ ತಪಾಸಣೆ

ಪೆಟ್ಟುಬಿದ್ದ ಅಥವಾ ಊದಿಕೊಂಡ ಕೀಲಿನ ಒಳಸ್ಥಿತಿಯನ್ನು, ರೋಗಿಯನ್ನು ಶಸ್ತ್ರಚಿಕಿತ್ಸಾ ಕೊಠಡಿಗೆ ಒಯ್ಯದೆ, ಸ್ಥಳೀಯ ಅರಿವಳಿಕೆಯಲ್ಲಿ, ವೈದ್ಯರ ತಪಾಸಣಾ ಕೊಠಡಿಯಲ್ಲೇ ಸೂಜಿ ಅಥವಾ ಸೂಜಿಗಾತ್ರದ ಉಪಕರಣ ಇಳಿಸಿ ಅರಿಯುವ ವಿಧಾನಗಳನ್ನು ಒಟ್ಟಾಗಿ ಕೀಲು ಗಾಯಗಳ ಸೂಜಿ ತಪಾಸಣೆ ಎನ್ನಲಾಗುತ್ತದೆ. ಕೀಲುರಸ ತೆಗೆದು ಪರೀಕ್ಷಿಸುವುದು, ಅರಿವಳಿಕೆ ಮದ್ದು ಅಥವಾ ಲವಣದ್ರಾವಣ ತುಂಬಿ ನೋಡುವುದು, ಸೂಜಿಯ ತುದಿಯ ಕ್ಯಾಮೆರಾದಿಂದ ಒಳಭಾಗವನ್ನು ನೇರವಾಗಿ ಕಾಣುವುದು ಇದರಲ್ಲಿ ಸೇರುತ್ತವೆ. ಅಲ್ಟ್ರಾಸೌಂಡ್ ಇವುಗಳಿಗೆ ದಾರಿ ತೋರುವ ಸಹಾಯಕ. ಎಕ್ಸ್-ರೇ, ಸಿ.ಟಿ., ಎಂ.ಆರ್.ಐ. ಚಿತ್ರಣಗಳು ಚರ್ಮವನ್ನು ದಾಟದ ಕಾರಣ ಈ ಗುಂಪಿಗೆ ಸೇರವು.

ಪರಿಭಾಷೆ

ಈ ಲೇಖನದಲ್ಲಿ ಎರಡು ಮೂಳೆಗಳು ಕೂಡಿ ಚಲಿಸುವ ಜಾಗಕ್ಕೆ ಕೀಲು, ಅದನ್ನು ಸುತ್ತುವರಿದ ಗಟ್ಟಿ ಹೊದಿಕೆಗೆ ಕೀಲುಚೀಲ, ಚೀಲದ ಒಳಮೈಗೆ ಹಾಸಿದ ತೆಳುಪದರಕ್ಕೆ ಕೀಲುಪೊರೆ, ಪೊರೆ ಸ್ರವಿಸುವ ದ್ರವಕ್ಕೆ ಕೀಲುರಸ ಎಂಬ ಪದಗಳನ್ನು ಬಳಸಿದೆ. ಮೂಳೆತುದಿಯ ನುಣುಪು ಹೊದಿಕೆ ಮೃದ್ವಸ್ಥಿ. ಮೂಳೆಯನ್ನು ಮೂಳೆಗೆ ಬಿಗಿಯುವ ನಾರುಪಟ್ಟಿ ಅಸ್ಥಿರಜ್ಜು. ಮೊಣಕಾಲಿನ ಎರಡು ಮೂಳೆಗಳ ನಡುವಿನ ಅರೆಚಂದ್ರಾಕಾರದ ಮೆತ್ತೆಗೆ ಮೆನಿಸ್ಕಸ್ ಎಂಬ ಪದವೇ ಕನ್ನಡ ವೈದ್ಯರಲ್ಲೂ ರೋಗಿಗಳಲ್ಲೂ ರೂಢಿಯಲ್ಲಿದೆ. ಕೀಲಿನೊಳಗೆ ನೋಡುವ ಕೊಳವೆ ಕೀಲುದರ್ಶಕ, ಅದರಿಂದ ನೋಡುವ ಕ್ರಿಯೆ ಕೀಲುದರ್ಶನ. ಆಸ್ಪತ್ರೆಗಳಲ್ಲಿ ಇದಕ್ಕೆ ಆರ್ತ್ರೋಸ್ಕೋಪಿ ಎನ್ನುತ್ತಾರೆ. ಕೀಲುರಸ ತೆಗೆಯುವುದನ್ನು ಜನ 'ಮಂಡಿಯ ನೀರು ತೆಗೆಸುವುದು' ಎನ್ನುತ್ತಾರೆ.

ಕೀಲಿನ ರಚನೆ

ಸೂಜಿ ತಪಾಸಣೆಗೆ ಅತ್ಯಂತ ಹೆಚ್ಚು ಒಳಗಾಗುವ ಕೀಲು ಮೊಣಕಾಲು. ಭುಜ, ಕಣಕಾಲು, ಮೊಣಕೈ, ಮಣಿಕಟ್ಟು ಅನಂತರದವು. ಸೊಂಟದ ಕೀಲು ಆಳದಲ್ಲಿರುವುದರಿಂದಲೂ ದೊಡ್ಡ ರಕ್ತನಾಳಗಳ ಪಕ್ಕದಲ್ಲಿರುವುದರಿಂದಲೂ ಚಿತ್ರಣದ ನೆರವಿಲ್ಲದೆ ಅಲ್ಲಿಗೆ ಸೂಜಿ ಹಾಕುವುದಿಲ್ಲ.

ಆರೋಗ್ಯವಂತ ಮೊಣಕಾಲಿನಲ್ಲಿ ಕೀಲುರಸದ ಪ್ರಮಾಣ ಕೆಲವೇ ಮಿಲಿಲೀಟರ್. ಅದು ತಿಳಿಹಳದಿ, ಪಾರದರ್ಶಕ. ಹೈಯಲುರಾನಿಕ್ ಆಮ್ಲದಿಂದಾಗಿ ಎಳೆಯಾಗಿ ಇಳಿಯುವಷ್ಟು ಅಂಟು. ಗಾಯವಾದಾಗ ಪೊರೆ ಹೆಚ್ಚು ರಸ ಸ್ರವಿಸುತ್ತದೆ, ಇಲ್ಲವೇ ಒಳಗಿನ ರಕ್ತನಾಳ ಹರಿದು ರಕ್ತ ತುಂಬುತ್ತದೆ. ಮೊಣಕಾಲಿನ ಚೀಲವು ಮಂಡಿಚಿಪ್ಪಿನ ಮೇಲ್ಭಾಗಕ್ಕೆ ತೊಡೆಯತ್ತ ಚಾಚಿಕೊಂಡಿರುವ ಕಾರಣ ತುಂಬಿದ ದ್ರವ ಅಲ್ಲಿಯೇ ಉಬ್ಬಿ ಕಾಣುತ್ತದೆ. ಸೂಜಿಯನ್ನು ಸಾಮಾನ್ಯವಾಗಿ ಚಿಪ್ಪಿನ ಮೇಲ್ತುದಿಯ ಹೊರಮಗ್ಗುಲಿನಿಂದ ಹಾಕುವುದು ಇದೇ ಕಾರಣಕ್ಕೆ.

ಚಿಪ್ಪಿನ ಮುಂದೆ, ಚರ್ಮದ ಅಡಿಯಲ್ಲಿ, ಕೀಲಿಗೆ ಸಂಬಂಧವಿಲ್ಲದ, ಮುಂಚೀಲವೆಂಬ ಇನ್ನೊಂದು ಸಣ್ಣ ಚೀಲವಿದೆ. ಮಂಡಿಯೂರಿ ಕೆಲಸ ಮಾಡುವವರಲ್ಲಿ ಇದು ಊದಿಕೊಳ್ಳುತ್ತದೆ. ಈ ಊತವನ್ನು ಕೀಲಿನ ಊತವೆಂದು ಬಗೆದು ಸೋಂಕುಗೊಂಡ ಮುಂಚೀಲದ ಮೂಲಕ ಸೂಜಿಯನ್ನು ಕೀಲಿಗೆ ತಳ್ಳಿದರೆ ಸೋಂಕು ಒಳಕ್ಕೆ ಸೇರುತ್ತದೆ. ಆದ್ದರಿಂದ ಊತ ಯಾವ ಚೀಲದ್ದು ಎಂಬ ನಿರ್ಣಯ ಸೂಜಿ ಕೈಗೆತ್ತಿಕೊಳ್ಳುವ ಮೊದಲೇ ಆಗಬೇಕು.

ಇತಿಹಾಸ

ಸುಶ್ರುತ ಸಂಹಿತೆಯ ನಿದಾನಸ್ಥಾನ ಕೀಲು ತಪ್ಪುವಿಕೆಯನ್ನು ಸಂಧಿಮುಕ್ತ ಎಂದು ಕರೆದು ಆರು ಬಗೆಗಳಾಗಿ ವಿಂಗಡಿಸಿದೆ. ಅದೇ ಗ್ರಂಥದ ಸೂತ್ರಸ್ಥಾನದಲ್ಲಿ ದೇಹದ ರಂಧ್ರಗಳ ಒಳಭಾಗ ನೋಡಲು ಬಳಸುವ ನಾಡೀಯಂತ್ರಗಳೆಂಬ ಕೊಳವೆಗಳ ವಿವರವಿದೆ. ಆದರೆ ಮುಚ್ಚಿದ ಕೀಲಿನೊಳಗೆ ಕೊಳವೆ ಇಳಿಸಿ ನೋಡುವ ಪ್ರಯತ್ನ ಇಪ್ಪತ್ತನೆಯ ಶತಮಾನದ್ದು. ಡೆನ್ಮಾರ್ಕಿನ ಸೆವೆರಿನ್ ನಾರ್ಡೆನ್‌ಟಾಫ್ಟ್ 1912ರಲ್ಲಿ ಬರ್ಲಿನ್ನಿನ ಶಸ್ತ್ರವೈದ್ಯರ ಸಮ್ಮೇಳನದಲ್ಲಿ ಮೊಣಕಾಲಿನ ದರ್ಶಕವೊಂದನ್ನು ವಿವರಿಸಿದ. 1918ರಲ್ಲಿ ಟೋಕಿಯೋದ ಕೆಂಜಿ ತಕಾಗಿ ಮೂತ್ರಕೋಶ ನೋಡುವ ಕೊಳವೆಯನ್ನೇ ಶವದ ಮೊಣಕಾಲಿಗೆ ಇಳಿಸಿದ. ಆ ಕಾಲದಲ್ಲಿ ಕ್ಷಯದಿಂದ ಮೊಣಕಾಲು ಸೆಟೆದುಹೋದ ಜಪಾನೀಯರಿಗೆ ಮಂಡಿ ಮಡಿಸಿ ಕುಳಿತುಕೊಳ್ಳಲಾಗುತ್ತಿರಲಿಲ್ಲ. ನೆಲದ ಮೇಲೆಯೇ ಬದುಕು ಸಾಗಿಸುವ ಸಮಾಜದಲ್ಲಿ ಅದು ದೊಡ್ಡ ಊನ. ರೋಗವನ್ನು ಬೇಗ ಪತ್ತೆ ಹಚ್ಚುವುದು ತಕಾಗಿಯ ಉದ್ದೇಶವಾಗಿತ್ತು. 1931ರ ಹೊತ್ತಿಗೆ ಆತ ಕೊಳವೆಯ ದಪ್ಪವನ್ನು 3.5 ಮಿಲಿಮೀಟರಿಗೆ ಇಳಿಸಿದ. ಸ್ವಿಟ್ಜರ್‌ಲೆಂಡಿನ ಓಯ್ಗೆನ್ ಬಿರ್ಖರ್ 1921ರಲ್ಲಿಯೂ ನ್ಯೂಯಾರ್ಕಿನ ಮೈಕೆಲ್ ಬರ್ಮನ್ 1931ರಲ್ಲಿಯೂ ತಮ್ಮ ಅನುಭವ ಪ್ರಕಟಿಸಿದರು.

ತಕಾಗಿಯ ಶಿಷ್ಯ ಮಸಾಕಿ ವತನಾಬೆ ರೂಪಿಸಿದ 21ನೇ ಸಂಖ್ಯೆಯ ದರ್ಶಕದಿಂದ ಈ ವಿದ್ಯೆ ಜಗತ್ತಿಗೆ ಹರಡಿತು. ವತನಾಬೆ 1962ರಲ್ಲಿ ದರ್ಶಕದ ನೆರವಿನಿಂದ ಮೆನಿಸ್ಕಸ್‌ನ ಹರಿದ ಭಾಗವನ್ನು ಕತ್ತರಿಸಿ ತೆಗೆದ. ಮುಂದೆ ಆತನೇ 24ನೇ ಸಂಖ್ಯೆಯ, 1.7 ಮಿಲಿಮೀಟರ್ ದಪ್ಪದ ದರ್ಶಕವನ್ನು ರಚಿಸಿದ. ಇಂದಿನ ಸೂಜಿ ಕೀಲುದರ್ಶಕದ ಮೂಲರೂಪ ಅದೇ. ಕೆನಡಾದ ರಾಬರ್ಟ್ ಜಾಕ್ಸನ್ 1964ರಲ್ಲಿ ಟೋಕಿಯೋಗೆ ಹೋಗಿ ವತನಾಬೆಯಿಂದ ಈ ವಿದ್ಯೆಯನ್ನು ಕಲಿತು ಉತ್ತರ ಅಮೆರಿಕಕ್ಕೆ ಒಯ್ದ. ಬೆಳಕನ್ನು ಗಾಜಿನ ಎಳೆಗಳ ಮೂಲಕ ಬಾಗಿಸಿ ಸಾಗಿಸುವ ತಂತ್ರದಲ್ಲಿ ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ ಮತ್ತು ಹೆರಾಲ್ಡ್ ಹಾಪ್‌ಕಿನ್ಸ್ 1954ರಲ್ಲಿ ಪ್ರಕಟಿಸಿದ ಸಂಶೋಧನೆ ಬುನಾದಿಯಾಯಿತು. ಈ ತಂತ್ರ ಕೀಲುದರ್ಶಕಕ್ಕೆ ಬರುವವರೆಗೆ ಕೊಳವೆಯ ತುದಿಯಲ್ಲಿ ಸಣ್ಣ ಬಲ್ಬು ಉರಿಯುತ್ತಿತ್ತು. ಅದು ಒಳಗೇ ಒಡೆಯುವ ಭಯವೂ ಇತ್ತು.

ಇವೆಲ್ಲ ತಪಾಸಣಾ ಕೊಠಡಿಗೆ ಬರಲು ಸಾಧ್ಯವಾದದ್ದು ಲಿಗ್ನೊಕೇಯ್ನ್ ಎಂಬ ಸ್ಥಳೀಯ ಅರಿವಳಿಕೆಯಿಂದ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಂಯೋಜಿಸಿದ ಈ ಮದ್ದು 1948ರಲ್ಲಿ ಮಾರುಕಟ್ಟೆಗೆ ಬಂತು.

ಕೀಲುರಸ ತೆಗೆದು ಪರೀಕ್ಷಿಸುವುದು

ಈ ಗುಂಪಿನ ಅತ್ಯಂತ ಹಳೆಯ, ಅಗ್ಗದ ಮತ್ತು ಇಂದಿಗೂ ಹೆಚ್ಚು ಉಪಯುಕ್ತವಾದ ವಿಧಾನವಿದು. ಬೇಕಾದ ಸಾಮಗ್ರಿ ಸೂಜಿ, ಸಿರಿಂಜ್, ನಂಜುನಿರೋಧಕ, ಲಿಗ್ನೊಕೇಯ್ನ್ ಮತ್ತು ಶುದ್ಧ ಕೈಗವಸು. ದೊಡ್ಡ ಕೀಲಿಗೆ 18 ಗೇಜ್ ಸೂಜಿ ಸಾಕು. ಚರ್ಮ ಶುದ್ಧಗೊಳಿಸಿ, ಮರಗಟ್ಟಿಸಿ, ಸೂಜಿ ಹಾಕಿ ಎಳೆದರೆ ಕೆಲವೇ ನಿಮಿಷಗಳಲ್ಲಿ ಕೆಲಸ ಮುಗಿಯುತ್ತದೆ. ಒಳಗಿನ ಒತ್ತಡ ಇಳಿಯುವುದರಿಂದ ನೋವೂ ಆಗಲೇ ತಗ್ಗುತ್ತದೆ. ಸೂಜಿ ಹಾಕುವ ಮೊದಲು ಮಡಿಸಲಾಗದಿದ್ದ ಕಾಲನ್ನು ವೈದ್ಯರು ಅನಂತರ ಸರಿಯಾಗಿ ಪರೀಕ್ಷಿಸಬಹುದು.

ಸಿರಿಂಜಿಗೆ ಬಂದದ್ದನ್ನು ಬರಿಗಣ್ಣಿನಿಂದ ನೋಡಿದರೂ ಅರ್ಧ ಉತ್ತರ ಸಿಗುತ್ತದೆ. ರಕ್ತ ಬಂದರೆ ಒಳಗೆ ಏನೋ ಹರಿದಿದೆ. ಪೆಟ್ಟಾದ ಒಂದೆರಡು ಗಂಟೆಗಳಲ್ಲೇ ಮೊಣಕಾಲು ಊದಿಕೊಂಡರೆ ಅದು ಹೆಚ್ಚಾಗಿ ರಕ್ತ. ಮರುದಿನ ನಿಧಾನವಾಗಿ ಊದಿದರೆ ಹೆಚ್ಚಾಗಿ ರಸ, ಮೆನಿಸ್ಕಸ್ ಗಾಯದಲ್ಲಿ ಕಾಣುವಂಥದ್ದು. ಅಮೆರಿಕದ ಫ್ರಾಂಕ್ ನಾಯ್ಸ್ ಮತ್ತು ಸಂಗಡಿಗರು 1980ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪೆಟ್ಟಿನಿಂದ ರಕ್ತ ತುಂಬಿದ 85 ಮೊಣಕಾಲುಗಳ ಪೈಕಿ ಶೇ. 72ರಲ್ಲಿ ಮುಂಭಾಗದ ಅಡ್ಡ ಅಸ್ಥಿರಜ್ಜು ಹರಿದಿತ್ತು. ರಕ್ತದ ಮೇಲೆ ಕೊಬ್ಬಿನ ಹನಿಗಳು ತೇಲಿದರೆ ಮೂಳೆಯ ಮಜ್ಜೆ ಸೋರಿದೆ, ಅಂದರೆ ಕೀಲಿನೊಳಗೇ ಮೂಳೆ ಬಿರುಕು ಬಿಟ್ಟಿದೆ ಎಂದರ್ಥ. ಎಕ್ಸ್-ರೇಯಲ್ಲಿ ಕಾಣದ ಬಿರುಕೂ ಹೀಗೆ ಸಿಕ್ಕಿಬೀಳುವುದುಂಟು.

ಪ್ರಯೋಗಾಲಯದಲ್ಲಿ ಮೂರು ಪರೀಕ್ಷೆ ಮುಖ್ಯ: ಬಿಳಿ ರಕ್ತಕಣಗಳ ಎಣಿಕೆ, ಹರಳುಗಳ ಶೋಧ, ಸೂಕ್ಷ್ಮಜೀವಿಗಳ ಬೆಳೆಸುವಿಕೆ. ಸಹಜ ಕೀಲುರಸದ ಒಂದು ಘನ ಮಿಲಿಮೀಟರಿನಲ್ಲಿ ಬಿಳಿಕಣಗಳು 200ಕ್ಕಿಂತ ಕಡಿಮೆ. ಸವೆತ ಅಥವಾ ಸರಳ ಪೆಟ್ಟಿನಲ್ಲಿ 2,000 ಮೀರುವುದಿಲ್ಲ. ಉರಿಯೂತದಲ್ಲಿ 2,000ದಿಂದ 50,000 ತನಕ ಇರಬಹುದು. ಅದನ್ನು ದಾಟಿದರೆ ಕೀವಿನ ಸೋಂಕನ್ನು ಮೊದಲು ಶಂಕಿಸಬೇಕು. ಈ ಗಡಿಗಳು ಗೋಡೆಗಳಲ್ಲ. ಸೋಂಕಿದ್ದೂ ಎಣಿಕೆ ಕಡಿಮೆ ಇರಬಹುದು. ಬದಲಿ ಕೀಲು ಹಾಕಿಸಿಕೊಂಡವರಲ್ಲಿ 3,000 ದಾಟಿದರೂ ಅನುಮಾನಿಸಬೇಕಾಗುತ್ತದೆ.

ಹರಳುಗಳ ಪತ್ತೆಗೆ ಡೇನಿಯಲ್ ಮೆಕಾರ್ಟಿ ಮತ್ತು ಜೋಸೆಫ್ ಹಾಲಾಂಡರ್ 1961ರಲ್ಲಿ ಧ್ರುವೀಕೃತ ಬೆಳಕಿನ ಸೂಕ್ಷ್ಮದರ್ಶಕ ಬಳಸಿದರು. ಸೂಜಿಯಾಕಾರದ ಯೂರೇಟ್ ಹರಳು ಕಂಡರೆ ಗೌಟ್ ಎಂಬ ಕೀಲುರೋಗ. ಚೌಕುಳಿಯಂಥ ಕ್ಯಾಲ್ಸಿಯಂ ಪೈರೊಫಾಸ್ಫೇಟ್ ಹರಳು ಕಂಡರೆ ಅದನ್ನು ಹೋಲುವ ಇನ್ನೊಂದು ರೋಗ. 'ನಿನ್ನೆ ಕಾಲು ಉಳುಕಿತು' ಎಂದು ಬಂದವನ ನಿಜವಾದ ಕಾಯಿಲೆ ಗೌಟ್ ಆಗಿರುವುದು ಅಪರೂಪವಲ್ಲ.

ಮದ್ದು ಅಥವಾ ದ್ರಾವಣ ತುಂಬಿ ನೋಡುವ ಪರೀಕ್ಷೆಗಳು

ಅರಿವಳಿಕೆ ಪರೀಕ್ಷೆಯಲ್ಲಿ ನೋವಿನ ಮೂಲವೆಂದು ಶಂಕಿಸಿದ ಜಾಗಕ್ಕೆ ಮಾತ್ರ ಲಿಗ್ನೊಕೇಯ್ನ್ ಕೊಟ್ಟು, ಚಲನೆಯ ಪರೀಕ್ಷೆಯನ್ನು ಮತ್ತೆ ಮಾಡಲಾಗುತ್ತದೆ. ಭುಜದಲ್ಲಿ ಚಾರ್ಲ್ಸ್ ನೀರ್ ಬಳಕೆಗೆ ತಂದ ಪರೀಕ್ಷೆ ಪ್ರಸಿದ್ಧ: ಭುಜದ ಮೇಲ್ಮೂಳೆಯ ಅಡಿಗೆ ಮದ್ದು ಹಾಕಿದ ಬಳಿಕ ತೋಳು ಮೇಲೆತ್ತಿದಾಗ ನೋವು ಮಾಯವಾದರೆ ಮೂಲ ಅಲ್ಲಿಯೇ. ನೋವು ಹೋಗಿಯೂ ತೋಳೆತ್ತಲು ಬಲವಿಲ್ಲದಿದ್ದರೆ ಸ್ನಾಯುವನ್ನು ಮೂಳೆಗೆ ಬಿಗಿಯುವ ಸ್ನಾಯುರಜ್ಜು ಹರಿದಿರುವ ಸಾಧ್ಯತೆ ಹೆಚ್ಚು.

ಕೀಲಿನ ಹತ್ತಿರ ಗಾಯವಾದಾಗ ಅದು ಚೀಲವನ್ನು ಭೇದಿಸಿದೆಯೇ ಎಂದು ತಿಳಿಯಲು ಲವಣದ್ರಾವಣ ತುಂಬುವ ಪರೀಕ್ಷೆ ಇದೆ. ದ್ರಾವಣ ಗಾಯದಿಂದ ಹೊರಗೆ ಸೋರಿದರೆ ಚೀಲ ತೆರೆದಿದೆ. ಮೊಣಕಾಲಿನ ಸಣ್ಣ ಸೀಳನ್ನು ಭರವಸೆಯಿಂದ ತಳ್ಳಿಹಾಕಲು 150 ಮಿಲಿಲೀಟರಿಗೂ ಹೆಚ್ಚು ದ್ರಾವಣ ಬೇಕಾಗುವುದರಿಂದ ರೋಗಿಗೆ ಸಾಕಷ್ಟು ಯಾತನೆಯಾಗುತ್ತದೆ. ಸಿ.ಟಿ. ಲಭ್ಯವಿರುವಲ್ಲಿ ಕೀಲಿನೊಳಗೆ ಗಾಳಿ ಹೊಕ್ಕಿದೆಯೇ ಎಂದು ನೋಡುವುದಕ್ಕೇ ಈಗ ಒಲವು.

ಅಲ್ಟ್ರಾಸೌಂಡ್ ನೆರವು

ಅಲ್ಟ್ರಾಸೌಂಡ್ ರಸದ ಗುಳಿ ಎಲ್ಲಿದೆ, ಸೂಜಿಯ ತುದಿ ಎಲ್ಲಿದೆ ಎಂಬುದನ್ನು ಆ ಕ್ಷಣದಲ್ಲೇ ತೋರಿಸುತ್ತದೆ. ಚಿಪ್ಪಿನ ಮುಂಚೀಲದ ಊತವನ್ನೂ ಕೀಲಿನ ಊತವನ್ನೂ ಬೇರ್ಪಡಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ಭಾರತದಲ್ಲಿ ಇದಕ್ಕೊಂದು ಕಾನೂನಿನ ಮಗ್ಗುಲಿದೆ. ಭ್ರೂಣಲಿಂಗ ಪತ್ತೆಯನ್ನು ನಿಷೇಧಿಸುವ 1994ರ ಕಾಯ್ದೆ ಮತ್ತು ಅದರ 2003ರ ತಿದ್ದುಪಡಿಯಂತೆ, ಭ್ರೂಣಲಿಂಗ ತಿಳಿಯಲು ಬಳಸಬಹುದಾದ ಯಾವುದೇ ಅಲ್ಟ್ರಾಸೌಂಡ್ ಯಂತ್ರ ಇಟ್ಟುಕೊಳ್ಳಲು ನೋಂದಣಿ ಬೇಕು. ಮೊಣಕಾಲನ್ನಷ್ಟೇ ನೋಡುವ ಮೂಳೆತಜ್ಞನಿಗೂ ಇದರಿಂದ ವಿನಾಯಿತಿ ಇಲ್ಲ. ಕಾಯ್ದೆಯ ಅಗತ್ಯ ಪ್ರಶ್ನಾತೀತ. ಆದರೆ ಜೇಬಿನಲ್ಲಿ ಹಿಡಿಸುವ ಯಂತ್ರ ಬಂದಿದ್ದರೂ ಸಣ್ಣ ಊರಿನ ಕ್ಲಿನಿಕ್ಕುಗಳಲ್ಲಿ ಅದು ಕಾಣದಿರಲು ಇದೂ ಒಂದು ಕಾರಣ.

ಸೂಜಿ ಕೀಲುದರ್ಶನ

ಸಾಮಾನ್ಯ ಕೀಲುದರ್ಶಕದ ದಪ್ಪ 4 ಮಿಲಿಮೀಟರ್. ಅದರ ಮಸೂರ 30 ಡಿಗ್ರಿ ಓರೆಯಾಗಿರುತ್ತದೆ. ಸೂಜಿ ಕೀಲುದರ್ಶಕದ ದಪ್ಪ ಸುಮಾರು 2 ಮಿಲಿಮೀಟರ್. 1990ರ ದಶಕದಲ್ಲಿ ಗಾಜಿನೆಳೆಗಳ ತೆಳು ದರ್ಶಕಗಳು ಕ್ಲಿನಿಕ್ಕುಗಳಿಗೆ ಬಂದರೂ ಚಿತ್ರ ಮಸುಕಾಗಿದ್ದ ಕಾರಣ ಮೂಲೆ ಸೇರಿದವು. ಕ್ಯಾಮೆರಾದ ಎಲೆಕ್ಟ್ರಾನಿಕ್ ಚಿಪ್ ಅನ್ನೇ ಸೂಜಿಯ ತುದಿಯಲ್ಲಿ ಕೂರಿಸುವುದು ಸಾಧ್ಯವಾದ ಮೇಲೆ, 2010ರ ದಶಕದಲ್ಲಿ, ವಿಧಾನಕ್ಕೆ ಮರುಜೀವ ಬಂತು. ಟ್ರೈಸ್ ಮೆಡಿಕಲ್ ಸಂಸ್ಥೆಯ ಮಿ-ಐ ಮತ್ತು ಆರ್ತ್ರೆಕ್ಸ್ ಸಂಸ್ಥೆಯ ನ್ಯಾನೋಸ್ಕೋಪ್ ಈ ಪೀಳಿಗೆಯವು.

ರೋಗಿ ಮಲಗಿ ಅಥವಾ ಕಾಲು ಇಳಿಬಿಟ್ಟು ಕುಳಿತಿರುತ್ತಾನೆ. ಚಿಪ್ಪಿನ ಕೆಳಗಿನ ಸ್ನಾಯುರಜ್ಜಿನ ಪಕ್ಕದ ಮೆದು ಜಾಗದಲ್ಲಿ ಚರ್ಮದಿಂದ ಚೀಲದವರೆಗೆ ಲಿಗ್ನೊಕೇಯ್ನ್ ಕೊಟ್ಟು, ಅದು ಹಿಡಿಯಲು ಹತ್ತು ಹದಿನೈದು ನಿಮಿಷ ಕಾಯಲಾಗುತ್ತದೆ. ದರ್ಶಕ ಇಳಿಸಿ, ಸಿರಿಂಜಿನಿಂದ ಲವಣದ್ರಾವಣ ಹಾಯಿಸಿ ನೋಟ ತಿಳಿಯಾಗಿಸಿಕೊಂಡು, ಚಿಪ್ಪಿನ ಹಿಂಬದಿ, ಎರಡೂ ಮೆನಿಸ್ಕಸ್‌ಗಳು, ಅಡ್ಡ ಅಸ್ಥಿರಜ್ಜು, ಮೃದ್ವಸ್ಥಿ ಹೀಗೆ ಕ್ರಮವಾಗಿ ನೋಡಲಾಗುತ್ತದೆ. ರಕ್ತ ತಡೆಯುವ ಪಟ್ಟಿ ಕಟ್ಟುವುದಿಲ್ಲ. ಹೊಲಿಗೆ ಬೇಡ, ಅಂಟುಪಟ್ಟಿ ಸಾಕು. ರೋಗಿ ಪರದೆಯನ್ನು ತಾನೂ ನೋಡುತ್ತಾನೆ, ನಡೆದುಕೊಂಡೇ ಹೋಗುತ್ತಾನೆ.

ಎಂ.ಆರ್.ಐ.ಗೆ ಹೋಲಿಸಿದರೆ ಇದರ ಬಲ ಮೃದ್ವಸ್ಥಿಯ ಮೇಲ್ಮೈ ಬಿರುಕು ಮತ್ತು ಹಿಂದೆ ಹೊಲಿಗೆ ಹಾಕಿದ ಮೆನಿಸ್ಕಸ್‌ನ ಮರುಹರಿತ ಪತ್ತೆಯಲ್ಲಿದೆ. ಪೇಸ್‌ಮೇಕರ್‌ನಂಥ ಸಾಧನ ಅಳವಡಿಸಿಕೊಂಡು ಎಂ.ಆರ್.ಐ. ಮಾಡಿಸಲಾಗದವರಿಗೂ ಇದು ಅನುಕೂಲ. ಅಮೆರಿಕದ ಹಲವು ಕೇಂದ್ರಗಳಲ್ಲಿ 110 ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನ, ಕ್ಲಿನಿಕ್ಕಿನ ಸೂಜಿ ದರ್ಶನದ ನಿರ್ಣಯಗಳು ಶಸ್ತ್ರಚಿಕಿತ್ಸಾ ಕೊಠಡಿಯ ಕೀಲುದರ್ಶನಕ್ಕೆ ಸರಿಸಮವಾಗಿವೆ ಎಂದು ವರದಿ ಮಾಡಿತು. ಆದರೆ ದರ್ಶಕ ಕಾಣುವುದು ಮೇಲ್ಮೈಯನ್ನಷ್ಟೇ. ಮೂಳೆಯೊಳಗಿನ ಜಜ್ಜುಗಾಯ, ಚೀಲದ ಹೊರಗಿನ ಅಸ್ಥಿರಜ್ಜು ಅದಕ್ಕೆ ಕಾಣವು. ಬಿಗಿಯಾದ ಮೊಣಕಾಲಿನಲ್ಲಿ ಎಚ್ಚರದಿಂದಿರುವ ರೋಗಿಗೆ ನೋವಾಗದಂತೆ ಒಳಮಗ್ಗುಲಿನ ಮೆನಿಸ್ಕಸ್‌ನ ಹಿಂತುದಿ ತಲುಪುವುದೂ ಕಷ್ಟ.

ಸಣ್ಣ ಕೀಲುಗಳಲ್ಲಿ ತೆಳು ದರ್ಶಕದ ಬಳಕೆ ಹಳೆಯದು. ಜಪಾನಿನ ಓನಿಶಿ 1970ರ ದಶಕದಲ್ಲಿ ವತನಾಬೆಯ ತೆಳು ದರ್ಶಕದಿಂದ ದವಡೆ ಕೀಲನ್ನು ನೋಡಿದ್ದ. ಮಣಿಕಟ್ಟು ಮತ್ತು ಕಣಕಾಲುಗಳಲ್ಲಿಯೂ ಈಗ ಬಳಕೆಯಿದೆ.

ಕುಂದಾಪುರ ಕರಾವಳಿಯಲ್ಲಿ

ಉಡುಪಿ ಜಿಲ್ಲೆಯ ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲ್ಲೂಕುಗಳಲ್ಲಿ ಕೀಲಿಗೆ ಪೆಟ್ಟು ಬೀಳುವ ಸಂದರ್ಭಗಳು ಹಲವು: ಗಂಗೊಳ್ಳಿ, ಮಲ್ಪೆಗಳಿಂದ ಹೊರಡುವ ದೋಣಿಗಳ ಜಾರುವ ಹಲಗೆ, ತೆಂಗು ಅಡಕೆ ಮರಗಳಿಂದ ಬೀಳುವುದು, ಕಂಬಳದ ಗದ್ದೆ, ಕಬಡ್ಡಿ ವಾಲಿಬಾಲ್ ಅಂಕಣ, ರಾಷ್ಟ್ರೀಯ ಹೆದ್ದಾರಿ 66ರ ಬೈಕ್ ಅಪಘಾತ. ಇಲ್ಲಿನ ಬಡಗುತಿಟ್ಟು ಯಕ್ಷಗಾನಕ್ಕೆ ವಿಶಿಷ್ಟವಾದುದು ಮಂಡಿ ಕುಣಿತ. ವೇಷಧಾರಿ ಎರಡೂ ಮೊಣಕಾಲುಗಳನ್ನು ನೆಲಕ್ಕೂರಿ ರಂಗಸ್ಥಳದಲ್ಲಿ ಗಿರಗಿರನೆ ಸುತ್ತುತ್ತಾನೆ. ಪ್ರೇಕ್ಷಕರು ಸುತ್ತುಗಳನ್ನು ಎಣಿಸುವುದೂ ಉಂಟು. ಮಂದಾರ್ತಿ, ಮಾರಣಕಟ್ಟೆಯಂಥ ಮೇಳಗಳ ತಿರುಗಾಟ ಮಳೆಗಾಲ ಬಿಟ್ಟು ತಿಂಗಳುಗಟ್ಟಲೆ ನಡೆಯುತ್ತದೆ. ಹೀಗೆ ಒತ್ತಡಕ್ಕೆ ಸಿಲುಕುವುದು ಮೊದಲು ಚಿಪ್ಪಿನ ಮುಂಚೀಲ. ತಿರುಚುವ ಬಲ ಮೆನಿಸ್ಕಸ್ ಮೇಲೂ ಬೀಳುತ್ತದೆ. ಊತ ಯಾವ ಚೀಲದ್ದು ಎಂಬ ಪ್ರಶ್ನೆ ಈ ಕಲಾವಿದರಲ್ಲಿ ಮತ್ತೆ ಮತ್ತೆ ಏಳುತ್ತದೆ.

ಪೆಟ್ಟಿನ ವೇಷದಲ್ಲಿ ಬರುವ ಸೋಂಕು ಈ ನೆಲದ ಇನ್ನೊಂದು ವಿಶೇಷ. ಮಣ್ಣು ಮತ್ತು ಕೆಸರುನೀರಿನಲ್ಲಿರುವ ಬರ್ಕ್‌ಹೋಲ್ಡೇರಿಯಾ ಸೂಡೋಮ್ಯಾಲಿಯೈ ಎಂಬ ಬ್ಯಾಕ್ಟೀರಿಯಾದಿಂದ ಬರುವ ಮೆಲಿಯಾಯ್ಡೋಸಿಸ್ ರೋಗ ಕರಾವಳಿ ಕರ್ನಾಟಕದಲ್ಲಿ ಮಳೆಗಾಲದಲ್ಲಿ ಹೆಚ್ಚು ಕಾಣುತ್ತದೆ. 1911ರಲ್ಲಿ ರಂಗೂನಿನಲ್ಲಿ ಆಲ್ಫ್ರೆಡ್ ವಿಟ್ಮೋರ್ ಮತ್ತು ಸಿ. ಎಸ್. ಕೃಷ್ಣಸ್ವಾಮಿ ಇದನ್ನು ಗುರುತಿಸಿದ್ದರು. ಮಣಿಪಾಲದ ಕಸ್ತೂರ್ಬಾ ವೈದ್ಯಕೀಯ ಕಾಲೇಜಿನ ಸೂಕ್ಷ್ಮಜೀವಿಶಾಸ್ತ್ರ ವಿಭಾಗ ಇದರ ಕುರಿತು ನಿರಂತರ ಅಧ್ಯಯನ ನಡೆಸಿದೆ. ಮಧುಮೇಹಿಗಳು ಮತ್ತು ಗದ್ದೆ ಕೆಲಸದವರು ಹೆಚ್ಚು ಅಪಾಯದಲ್ಲಿರುವವರು. ಮೂಳೆ ಮತ್ತು ಕೀಲು ಇದರ ದಾಳಿಗೆ ಒಳಗಾಗುವ ಜಾಗಗಳಲ್ಲಿ ಸೇರಿವೆ. ನಾಟಿಯ ಹೊತ್ತಿನಲ್ಲಿ ಕಾಲು ಜಾರಿ ಉಳುಕಿತೆಂದು ಎಣ್ಣೆ ತಿಕ್ಕಿಸಿಕೊಳ್ಳುತ್ತಿರುವ ಮಂಡಿಯೊಳಗೆ ಕೀವಿರಬಹುದು. ಕ್ಷಯವೆಂದು ತಪ್ಪು ಚಿಕಿತ್ಸೆ ನಡೆಯುವುದೂ ಇದೆ. ಸೂಜಿಯಿಂದ ತೆಗೆದ ರಸವನ್ನು ಬೆಳೆಸಿದಾಗಲೇ ನಿಜ ತಿಳಿಯುವುದು. ಸಾಮಾನ್ಯ ಪೆನಿಸಿಲಿನ್, ಜೆಂಟಾಮೈಸಿನ್ ಇದಕ್ಕೆ ನಾಟುವುದಿಲ್ಲ. ವಾರಗಟ್ಟಲೆ ರಕ್ತನಾಳದ ಮೂಲಕ ಸೆಫ್ಟಾಜಿಡೈಮ್ ಅಥವಾ ಮೆರೊಪೆನೆಮ್, ಬಳಿಕ ಕನಿಷ್ಠ ಮೂರು ತಿಂಗಳು ಮಾತ್ರೆ ಬೇಕು.

ಉದಾಹರಣೆಗೆ, ಕುಂದಾಪುರಕ್ಕೆ ಉತ್ತರದಲ್ಲಿ ಹೆದ್ದಾರಿಯ ಮೇಲಿರುವ ತಲ್ಲೂರಿನಿಂದ ಮಣಿಪಾಲಕ್ಕೆ ಸುಮಾರು 40 ಕಿ.ಮೀ. 1953ರಲ್ಲಿ ಟಿ. ಎಂ. ಎ. ಪೈ ಸ್ಥಾಪಿಸಿದ ಕಸ್ತೂರ್ಬಾ ವೈದ್ಯಕೀಯ ಕಾಲೇಜು ಈ ಭಾಗದ ದೊಡ್ಡ ಆಶ್ರಯ. ತಾಲ್ಲೂಕಿನ ಸರ್ಕಾರಿ ಆಸ್ಪತ್ರೆ ಕುಂದಾಪುರದಲ್ಲಿದೆ. ಸೂಜಿ ಎಲ್ಲಿ ಬೇಕಾದರೂ ಹಾಕಬಹುದು, ಆದರೆ ರಸ ಪ್ರಯಾಣದಲ್ಲಿ ಕೆಡುತ್ತದೆ. ಹೊತ್ತು ಕಳೆದಂತೆ ಬಿಳಿಕಣಗಳು ಒಡೆದು ಎಣಿಕೆ ಇಳಿಯುತ್ತದೆ, ಸೋಂಕು ಇಲ್ಲವೆಂಬ ತಪ್ಪು ಭರವಸೆ ಹುಟ್ಟುತ್ತದೆ. ಎಣಿಕೆಗೆ ಇ.ಡಿ.ಟಿ.ಎ. ನಳಿಕೆಯಲ್ಲಿ, ಬೆಳೆಸಲು ರಕ್ತ ಕಲ್ಚರ್ ಬಾಟಲಿಯಲ್ಲಿ ಬೇರೆ ಬೇರೆಯಾಗಿ ತುಂಬಿ, ಪ್ರತಿಜೈವಿಕ ಮದ್ದು ಶುರುಮಾಡುವ ಮೊದಲೇ ಸಂಗ್ರಹಿಸಿ, ಅಂದೇ ಕಳುಹಿಸಬೇಕು.

  

ಅಪಾಯ ಮತ್ತು ನಿಷೇಧ

ಸರಿಯಾದ ಶುದ್ಧತೆಯಲ್ಲಿ ಮಾಡಿದಾಗ ಸೂಜಿಯಿಂದ ಸೋಂಕು ತಗಲುವುದು ತೀರ ಅಪರೂಪ. ಸೂಜಿ ಹಾಕಬೇಕಾದ ಜಾಗದ ಚರ್ಮದಲ್ಲೇ ಸೋಂಕಿದ್ದರೆ ಆ ದಾರಿಯನ್ನು ಬಿಡಬೇಕು. ಬದಲಿ ಕೀಲಿಗೆ ಮೂಳೆತಜ್ಞರಷ್ಟೇ ಸೂಜಿ ಹಾಕುವುದು ಕ್ಷೇಮ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಲ್ಲಿ ರಸ ತೆಗೆಯಲು ಸಾಮಾನ್ಯವಾಗಿ ಮಾತ್ರೆ ನಿಲ್ಲಿಸಬೇಕಿಲ್ಲ. ಹಿಮೋಫಿಲಿಯಾ ಇರುವವರಲ್ಲಿ ಕೊರತೆಯ ರಕ್ತಘಟಕವನ್ನು ಮೊದಲು ತುಂಬದೆ ಸೂಜಿ ಮುಟ್ಟುವಂತಿಲ್ಲ. ಸಣ್ಣ ಪೆಟ್ಟಿಗೂ ಮಂಡಿಯಲ್ಲಿ ರಕ್ತ ತುಂಬುವ ಹುಡುಗನ ಮನೆಯವರಲ್ಲಿ ಈ ಬಗ್ಗೆ ವಿಚಾರಿಸಬೇಕಾದುದು ಅದಕ್ಕಾಗಿ. ಬುಪಿವಕೇಯ್ನ್‌ನಂಥ ಕೆಲವು ಅರಿವಳಿಕೆಗಳು ಮೃದ್ವಸ್ಥಿಯ ಕೋಶಗಳಿಗೆ ಹಾನಿ ಮಾಡುತ್ತವೆಂದು ತಿಳಿದ ಮೇಲೆ ಕೀಲಿನೊಳಗೆ ಅವುಗಳ ಬಳಕೆ ಕಡಿಮೆಯಾಗಿದೆ.

ಈಗಿನ ಸ್ಥಿತಿ

ಕೈಯಿಂದ ಮಾಡುವ ಪರೀಕ್ಷೆ, ಎಕ್ಸ್-ರೇ, ಅಗತ್ಯವಿದ್ದರೆ ರಸ ತೆಗೆಯುವುದು, ಬಳಿಕ ಎಂ.ಆರ್.ಐ. – ಕರ್ನಾಟಕದಲ್ಲಿ ಕೀಲು ಗಾಯದ ನಿರ್ಣಯ ಸಾಮಾನ್ಯವಾಗಿ ಈ ದಾರಿಯಲ್ಲಿ ಸಾಗುತ್ತದೆ. ಕೀಲುದರ್ಶನವನ್ನು ಹೆಚ್ಚಾಗಿ ಬೆನ್ನುಹುರಿ ಅರಿವಳಿಕೆಯಲ್ಲಿ, ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ, ಚಿಕಿತ್ಸೆಗಾಗಿಯೇ ಮಾಡಲಾಗುತ್ತದೆ. ನೋಡುವುದಕ್ಕೆಂದೇ ಮಾಡುವುದು ಎಂ.ಆರ್.ಐ. ಬಂದ ಮೇಲೆ ಬಹುತೇಕ ನಿಂತಿದೆ. ಸೂಜಿ ಕೀಲುದರ್ಶಕ ಇಲ್ಲಿ ಇನ್ನೂ ವಿರಳ. ಅದರ ಸೂಜಿಭಾಗ ಒಮ್ಮೆ ಬಳಸಿ ಎಸೆಯುವಂಥದ್ದು. ಪ್ರತಿ ರೋಗಿಗೂ ಹೊಸದು ಬೇಕು. ಅಮೆರಿಕದಲ್ಲಿ ಎಂ.ಆರ್.ಐ. ದುಬಾರಿಯಾದ ಕಾರಣ ಈ ಲೆಕ್ಕ ಅಲ್ಲಿ ಹೊಂದುತ್ತದೆ. ಎಂ.ಆರ್.ಐ. ದರ ಕೆಲವು ಸಾವಿರ ರೂಪಾಯಿಗಳಲ್ಲಿ ಮುಗಿಯುವ ಭಾರತದಲ್ಲಿ ಅದೇ ಲೆಕ್ಕ ತಲೆಕೆಳಗಾಗುತ್ತದೆ.